ರಸೆಲ್ ಮಾರ್ಕೆಟ್ಟಿನ ಹಿಂದಿನ ಲಡಾಖ್

ಕಚೇರಿಯ ಏಸಿ ಇಪ್ಪತ್ತೆರಡರಲ್ಲಿ ಓಡಬೇಕೇ ಇಪ್ಪತ್ತಾರರಲ್ಲಿ ಓಡಬೇಕೇ ಎಂಬುದು ಮನುಷ್ಯಕುಲದ ಮುಂದಿರುವ ಗಹನ ಪ್ರಶ್ನೆಗಳಲ್ಲಿ ಒಂದು. ನದಿ ನೀರಿನ ಜಗಳಕ್ಕೆ ನ್ಯಾಯಮಂಡಳಿಗಳಿವೆ. ಇದಕ್ಕೆ ಒಂದು ರಿಮೋಟು ಮಾತ್ರ ಇದೆ. ಇಂದಿರಾನಗರದ ಒಂದು ವಿಮಾ ಕಚೇರಿಯಲ್ಲಿ ಆ ರಿಮೋಟು ಕ್ಲೇಮ್ಸ್ ವಿಭಾಗದ ಸಿದ್ಧಲಿಂಗೇಶನ ಡ್ರಾಯರಿನಲ್ಲಿ, ಸ್ಟೇಪ್ಲರ್ ಪಿನ್ನುಗಳ ಕೆಳಗೆ, ಭೂಗತನಾಯಕನಂತೆ ಅಡಗಿ ಬಾಳುತ್ತಿತ್ತು. ಏಸಿ ಸದಾ ಇಪ್ಪತ್ತಾರರಲ್ಲೇ ಇರುತ್ತಿತ್ತು.

ಸಿದ್ಧಲಿಂಗೇಶ ಸೇಡಂ ಕಡೆಯವನು. ಬೆಂಗಳೂರಿಗೆ ಬಂದು ವರ್ಷಗಳೇ ಆದರೂ ಇಲ್ಲಿಯ ಗಾಳಿಯನ್ನು ಅವನು ಇನ್ನೂ ಕ್ಷಮಿಸಿರಲಿಲ್ಲ. ಚಳಿಗಾಲದಲ್ಲಿ ಮಂಕಿ ಕ್ಯಾಪು, ಉಳಿದ ಕಾಲದಲ್ಲಿ ಕಿವಿಗೆ ಹತ್ತಿ. ಇಂಥವನು ಒಂದು ಮಧ್ಯಾಹ್ನ ಎದ್ದು ನಿಂತು, "ಲಡಾಖ್ ಜೀಪಿನಾಗಿನ ನಾಲ್ಕನೇ ಸೀಟು ನನಗ ಕೊಡ್ರಿ ಸರ್" ಎಂದಾಗ ಕಚೇರಿ ಮೊದಲು ನಗುವುದನ್ನೇ ಮರೆಯಿತು. ನೆನಪಾದ ಮೇಲೆ ಸಾಯಂಕಾಲದವರೆಗೆ ನಕ್ಕಿತು.

ಜೀಪು ಅದೇ ಕಚೇರಿಯ, ಕೆ.ಆರ್. ಪುರದ ರಾಮಾಂಜಿನಪ್ಪನದು. ಅವನು, ಬ್ರಾಂಚ್ ಮ್ಯಾನೇಜರ್ ಸುಗತ ಮತ್ತು ಕೌಂಟರಿನ ಶೀಬಾ, ಮೂವರೂ ಜೂನ್ ತಿಂಗಳಲ್ಲಿ ಬೆಂಗಳೂರಿನಿಂದ ಲೇಹ್‌ವರೆಗೆ ನೆಲದ ಮೇಲೆಯೇ ಹೋಗುವುದೆಂದು ತೀರ್ಮಾನಿಸಿದ್ದರು. ನಾಲ್ಕನೆಯವನಿಗೆ ಇದ್ದಕ್ಕಿದ್ದಂತೆ ವರ್ಗವಾಗಿ ಸೀಟು ಖಾಲಿ ಬಿದ್ದಿತ್ತು.

"ನೀವಾ?" ಎಂದರು ಸುಗತ. "ಕ್ಯಾಂಟೀನಲ್ಲಿ ಯಾರಾದ್ರೂ ಫ್ರಿಜ್ ಬಾಗಿಲು ತೆಗೆದ್ರೆ ಇಲ್ಲಿ ಸೀನ್ತೀರಲ್ರೀ."

"ಅದು ಧೂಳಿಗೆ ಸರ್."

"ಅಲ್ಲಿರೋದೇ ಧೂಳು ಗುರುವೇ," ಎಂದ ರಾಮಾಂಜಿನಪ್ಪ. "ಮರ ಇಲ್ಲ, ಮಳೆ ಇಲ್ಲ, ಬರೀ ಮರಳುಗಾಡು. ಅದನ್ನೂ ಎತ್ತಿ ಫ್ರೀಜರ್ ಒಳಗಿಟ್ಟವ್ರೆ."

ಆದರೆ ಸಿದ್ಧಲಿಂಗೇಶನಿಗೆ ಆ ದಾರಿ ಬಾಯಿಪಾಠವಾಗಿತ್ತು. ಎರಡು ವರ್ಷದಿಂದ ರಾತ್ರಿ ಹೊದಿಕೆಯೊಳಗೆ ಮೊಬೈಲ್ ಹಿಡಿದು ಮನಾಲಿಯಿಂದ ಲೇಹ್‌ಗೆ ಅವನು ಹೋಗಿ ಬಂದಷ್ಟು ಸಲ ಅಲ್ಲಿಯ ಲಾರಿ ಡ್ರೈವರುಗಳೂ ಹೋಗಿರಲಾರರು. ಬಾಳಿನಲ್ಲಿ ಅವನು ತಾನಾಗಿ ಬಯಸಿದ ಮೊದಲ ವಸ್ತು ಅದು. ನೌಕರಿ ಅಪ್ಪ ಹುಡುಕಿದ್ದು, ಹುಡುಗಿ ಅವ್ವ ಹುಡುಕಿದ್ದು, ಜೀವನ್ ಬಿಮಾ ನಗರದ ಮನೆ ಹೆಂಡತಿ ಹುಡುಕಿದ್ದು. ಹದಿನೈದು ಸಾವಿರ ಅಡಿ ಮೇಲಿನ ಆ ಬೋಳು ಬಯಲನ್ನು ಅವನೇ ಹುಡುಕಿಕೊಂಡಿದ್ದ.

ಅವನ ಮುಖ ನೋಡಿ ಶೀಬಾಗೆ ಪಾಪ ಅನ್ನಿಸಿತು. "ಸರ್, ನಮ್ ಪಾಲಿಸಿಹೋಲ್ಡರ್ ಮಂಜೂರ್ ಭಾಯ್ ಇದಾರಲ್ಲ, ಶಿವಾಜಿನಗರದಲ್ಲಿ. ಅವರ ಕೋಲ್ಡ್ ರೂಮಲ್ಲಿ ಒಂದು ಗಂಟೆ ಕೂರಿಸಿ ನೋಡೋಣ. ಕೂತ್ರೆ ಸೀಟು."

"ಆಯ್ತು," ಎಂದರು ಸುಗತ. "ಚಳಿ ತಡೆದು ಒಳಗೆ ಕೂತವರಿಗೆ ಸೀಟು. ಇದೇ ರೂಲ್."

ಮಂಜೂರ್ ಭಾಯ್ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಹೋಟೆಲುಗಳಿಗೆ ಮಟನ್ ಸರಬರಾಜು ಮಾಡುವವರು. ಸಿದ್ಧಲಿಂಗೇಶ ಮೊಟ್ಟೆ ಹಾಕಿದ ಕೇಕನ್ನು ಮೂಸಿ ನೋಡಿ ಹಿಂದಿರುಗಿಸುವವನು. ಆದರೂ ಒಪ್ಪಿಕೊಂಡ. ಹೆಂಡತಿ ಜಯದೇವಿಗೆ ಇದಾವುದನ್ನೂ ಹೇಳಲಿಲ್ಲ. ಜೂನ್ ಬಂದಾಗ ಚಂಡೀಗಢದಲ್ಲಿ ಟ್ರೈನಿಂಗ್ ಎಂದು ಹೇಳುವುದು ಅವನ ಯೋಜನೆ. ಪರೀಕ್ಷೆಯ ಭಾನುವಾರಕ್ಕೆ ಮಾತ್ರ ಆಡಿಟ್ ಎಂದು ಹೇಳಿ ಹೊರಟ.

ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಕಿತ್ತಳೆ ಬಣ್ಣದ ಜಾಕೆಟ್ಟು ಕೊಂಡು, ಕೈಯಲ್ಲಿ ಹಿಡಿದರೆ ಎರಡಾಳಿನ ಗಾತ್ರವಾಗುತ್ತಿದ್ದುದರಿಂದ ಅಲ್ಲೇ ತೊಟ್ಟುಕೊಂಡ. ಕೈಗವಸು, ಮಂಕಿ ಕ್ಯಾಪು, ಮೂಗಿನ ಮೇಲೆ ಮಫ್ಲರು. ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅವನು ಶಿವಾಜಿನಗರದತ್ತ ನಡೆದಾಗ, ಯಾರೋ ಹಾಸಿಗೆಯೊಂದನ್ನು ಎಬ್ಬಿಸಿ ವಾಕಿಂಗ್ ಕಳಿಸಿದಂತಿತ್ತು. ಒಬ್ಬ ಆಟೋದವನು ವೇಗ ತಗ್ಗಿಸಿ, "ಸಾಮಿ, ಆಸ್ಪತ್ರೆಗಾ?" ಎಂದು ಕೇಳಿ ಹೋದ.

ಇದೇ ಹೊತ್ತಿಗೆ ಅದೇ ಬೀದಿಯಲ್ಲಿ ಬ್ಲೌಸಿಗೆ ಮ್ಯಾಚಿಂಗ್ ಹುಡುಕುತ್ತಿದ್ದ, ಅವನ ಮಹಡಿ ಮೇಲಿನ ಮನೆಯ ರಾಜೇಶ್ವರಿಯವರು ಆ ನಡಿಗೆಯನ್ನು ಗುರುತಿಸಿದರು. ಮುಖ ಮುಚ್ಚಬಹುದು, ನೆರೆಮನೆಯವರಿಂದ ನಡಿಗೆ ಮುಚ್ಚಲಾಗದು. ಅವರು ಮ್ಯಾಚಿಂಗ್ ಬಿಟ್ಟು ಹಿಂದೆ ಬಿದ್ದರು.

ಗಲ್ಲಿಯಲ್ಲಿ ಸುಗತ, ರಾಮಾಂಜಿನಪ್ಪ, ಶೀಬಾ ಮೊದಲೇ ಬಂದು ಕಾಯುತ್ತಿದ್ದರು. ಮಂಜೂರ್ ಭಾಯ್ ಅತಿಥಿಯನ್ನು ಎದುರುಗೊಂಡರು. "ಬನ್ನಿ ಸಾಬ್. ನೀವು ಶುದ್ಧ ವೆಜಿಟೇರಿಯನ್ ಅಂತ ಮೇಡಂ ಹೇಳಿದ್ರು. ಅದಕ್ಕೇ ಒಳಗೆ ಪರದೆ ಹಾಕ್ಸಿದೀನಿ. ನೀವು ಅವುಗಳನ್ನ ನೋಡಲ್ಲ, ಅವು ನಿಮ್ಮನ್ನ ನೋಡಲ್ಲ."

ನಿಜಕ್ಕೂ ಕೋಲ್ಡ್ ರೂಮನ್ನು ಅಡ್ಡಲಾಗಿ ಸೀಳಿ ಒಗೆದ ಬಿಳಿ ಬೆಡ್‌ಶೀಟೊಂದು ತೂಗುತ್ತಿತ್ತು. ಈಚೆ ಒಂದು ಪ್ಲಾಸ್ಟಿಕ್ ಕುರ್ಚಿ. "ಉಸಿರು ಕಟ್ಟಿದ್ರೆ ಈ ಗುಬುಟು ಒತ್ತಿ, ಬಾಗಿಲು ತಾನೇ ತೆರ್ಕೊಳುತ್ತೆ," ಎಂದರು ಮಂಜೂರ್ ಭಾಯ್, ಬಾಗಿಲ ಪಕ್ಕದ ಬಟನ್ ತೋರಿಸಿ.

"ಒತ್ತಿದ್ರೆ ಸೀಟ್ ಹೋಯ್ತು," ಎಂದು ನೆನಪಿಸಿದರು ಸುಗತ.

ಬಾಗಿಲು ಮುಚ್ಚಿತು. ಸೊನ್ನೆಗಿಂತ ಎರಡು ಡಿಗ್ರಿ ಕಡಿಮೆ.

ಮೊದಲು ಮೂಗು ಹೋಯಿತು. ಆಮೇಲೆ ಕಾಲ್ಬೆರಳುಗಳು ಒಂದೊಂದಾಗಿ ಕಚೇರಿ ಬಿಟ್ಟು ಹೋಗುವವರಂತೆ ಹೇಳದೆ ಕೇಳದೆ ಹೋದವು. ಸಿದ್ಧಲಿಂಗೇಶನ ಕೈ ಎರಡು ಸಲ ಗುಬುಟಿನತ್ತ ಚಾಚಿತು. ಎರಡನೆಯ ಸಲ ಫ್ಯಾನಿನ ಗಾಳಿಗೆ ಬೆಡ್‌ಶೀಟು ನಿಧಾನ ಉಬ್ಬಿತು. ಮಡಿಕೆಗಳ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿತ್ತು. ಅವನು ಕಣ್ಣರಳಿಸಿದ. ಅದು ಹಿಮದ ಇಳಿಜಾರು. ಎಷ್ಟು ರಾತ್ರಿ ನೋಡಿದ್ದ ಅದನ್ನು.

ಅವನು ಮನಾಲಿಯಿಂದ ಹೊರಟೇಬಿಟ್ಟ. ಸುರಂಗ ದಾಟಿ, ಜಿಸ್ಪಾದಲ್ಲಿ ಚಹಾ ಕುಡಿದು, ಬಾರಾಲಾಚಾ ಏರಿದ. ಸರ್ಚುವಿನಲ್ಲಿ ತಲೆನೋವು ಬಂತು; ನಿಲ್ಲಲಿಲ್ಲ. ಗಾಟಾ ಲೂಪ್ಸ್‌ನ ತಿರುವುಗಳನ್ನು ಕೂತಲ್ಲೇ ಎಡಕ್ಕೂ ಬಲಕ್ಕೂ ವಾಲಿ ದಾಟಿದ. ಬಾಗಿಲಿನ ಪುಟ್ಟ ಗಾಜಿನಲ್ಲಿ ಇಣುಕಿದ ರಾಮಾಂಜಿನಪ್ಪ ಹೊರಗೆ ವರದಿ ಕೊಟ್ಟ: "ವಾಲ್ತಾವ್ರೆ ಸರ್. ಆದ್ರೆ ಬೀಳ್ತಿಲ್ಲ."

ಅಷ್ಟರಲ್ಲಿ ಗಲ್ಲಿಯ ಹೂವಿನವರು, ಹಮಾಲರು, ಚಹಾದವನು ಎಲ್ಲ ಸೇರಿದ್ದರು. ಒಳಗೆ ಒಬ್ಬ ಸಾಹೇಬರು ಹಿಮಾಲಯಕ್ಕೆ ಹೋಗಲು ಕೂತಿದ್ದಾರೆ ಎಂಬ ಸುದ್ದಿ ಮಾರ್ಕೆಟ್ಟಿನ ಆಚೆ ತುದಿಗೆ ಮುಟ್ಟುವಾಗ, ಒಳಗೊಬ್ಬ ಸಂತರು ತಪಸ್ಸಿಗೆ ಕೂತಿದ್ದಾರೆ ಎಂದಾಗಿತ್ತು. ರಾಜೇಶ್ವರಿಯವರು ಮಾತ್ರ ಆ ಗುಂಪಿನಿಂದ ದೂರ ನಿಂತು ಫೋನಿನಲ್ಲಿದ್ದರು.

"ಜಯದೇವೀ, ಗಾಬ್ರಿ ಆಗ್ಬೇಡಿ. ನಿಮ್ಮೋರು ಮಟನ್ ಗೋಡೌನ್ ಒಳಗೆ ಹೋದ್ರು. ಮುಖ ಮುಚ್ಕೊಂಡು. ಅರ್ಧ ಗಂಟೆ ಆಗ್ತಾ ಬಂತು, ಇನ್ನೂ ಹೊರಗೆ ಬಂದಿಲ್ಲ. ಅಷ್ಟು ಹೊತ್ತು ಒಬ್ರೇ ಏನ್ ತಿನ್ನೋಕಾಗುತ್ತೆ ಹೇಳಿ."

ಜಯದೇವಿ ಉಟ್ಟ ಸೀರೆಯಲ್ಲೇ ಆಟೋ ಹತ್ತಿದಳು. ಭಾನುವಾರದ ಖಾಲಿ ರಸ್ತೆಯೂ ಅವಳಿಗೆ ಹೆದರಿ ದಾರಿ ಬಿಟ್ಟಿತು. ಗುಂಪನ್ನು ಸೀಳಿ, ಸುಗತರನ್ನು ಬದಿಗೆ ಸರಿಸಿ, ಬಾಗಿಲೆಳೆದು ಒಳಗೆ ನುಗ್ಗಿದಳು. ಬಾಗಿಲು ತೆರೆದಿದ್ದರೆ ತಂಪು ಹೋಗುತ್ತದೆಂದು ಮಂಜೂರ್ ಭಾಯ್ ಅಭ್ಯಾಸಬಲದಿಂದ ಅದನ್ನು ಹಿಂದಿನಿಂದ ಮುಚ್ಚಿದರು.

ಸಿದ್ಧಲಿಂಗೇಶ ಆಗ ಲೇಹ್ ದಾರಿಯ ‘ಮೋರೆ’ ಎಂಬ ಬಯಲಿನಲ್ಲಿದ್ದ. ಎದುರಿಗೆ ಹಳದಿ ನೂಲಿನ ಸೀರೆ ಕಂಡಿತು. ಎತ್ತರದಲ್ಲಿ ಭ್ರಮೆಗಳಾಗುತ್ತವೆ ಎಂದು ಅವನು ಓದಿದ್ದ.

"ಬಾಯಿ ತಗೀರಿ," ಎಂದಿತು ಭ್ರಮೆ. "ಏನ್ ತಿಂದೀರಿ?"

"ಏನೂ ಇಲ್ಲ, ಜಯಾ. ನಾ ಲ-ಲ-ಲಡಾಖಿಗೆ ಹೊಂಟೀನಿ."

"ಮಟನ್ ಅಂಗಡ್ಯಾಗಿಂದ?"

ಹಲ್ಲು ಕಟಕಟಿಸುತ್ತ ಅವನು ಎಲ್ಲವನ್ನೂ ಹೇಳಿದ: ಜೀಪು, ಸೀಟು, ಪರೀಕ್ಷೆ, ಚಂಡೀಗಢದ ಸುಳ್ಳು. ಜಯದೇವಿ ಪೂರ್ತಿ ಕೇಳಿದಳು. ಬಳಿಕ ಪರದೆ ಸರಿಸಿ ಆಚೆ ನೋಡಿದಳು, ಮುಚ್ಚಿದಳು.

"ಎದ್ದೇಳ್ರಿ," ಎಂದಳು.

"ಜಯಾ, ಹೊರಗ ಹೋದ್ರ ಸೀಟು—"

"ಹೊರಗ ಹೋಗ್ರಿ ಅಂದೆನೇನು? ಕುರ್ಚಿ ಬಿಡ್ರಿ ಅಂದೆ. ಓಡಿ ಬಂದು ಕಾಲು ನೋಯ್ಲಿಕತ್ತಾವ."

ಅವಳು ಕೂತಳು. ಉಳಿದ ದಾರಿಯನ್ನು ಅವನು ನಿಂತೇ ಮುಗಿಸಿದ. ತಂಗ್ಲಂಗ್ ಲಾ ಮೇಲೆ ಕಾಲು ನಡುಗಿದವು, ಹುಬ್ಬಿನ ಮೇಲೆ ಇಬ್ಬನಿ ಕೂತಿತು. ಆದರೂ ಗುಬುಟಿನತ್ತ ಕೈ ಹೋಗಲಿಲ್ಲ. ಗಂಟೆ ತುಂಬಿ ಬಾಗಿಲು ಹೊರಗಿನಿಂದ ತೆರೆದುಕೊಂಡಾಗ ಅವನು ಸರಿಯಾಗಿ ಲೇಹ್ ಪೇಟೆಯ ನಡುವೆ ಇದ್ದ.

ಗಲ್ಲಿ ಹೋ ಎಂದಿತು. ಹೂವಿನವರು ಸುಗಂಧರಾಜದ ಹಾರ ಹಾಕಿದರು. ಇಬ್ಬರು ಹಮಾಲರು, ಮೂಟೆ ಎತ್ತಿದಷ್ಟೇ ಸಲೀಸಾಗಿ, ಅವನನ್ನು ಹೆಗಲಿಗೇರಿಸಿದರು. ಸುಗತರು ಕೈಗವಸನ್ನೇ ಹಿಡಿದು ಕುಲುಕಿ, "ಸೋತೆ ಕಣ್ರೀ ಸಿದ್ಧಲಿಂಗೇಶ್," ಎಂದರು. ಏಸಿಯ ಹೆಸರಿನಲ್ಲಿ ಇಷ್ಟು ವರ್ಷ ನುಂಗಿದ ಅವಮಾನವೆಲ್ಲ ಮೇ ಬಿಸಿಲಿಗೆ ಕರಗಿ ಅವನ ಮೂಗಿನಿಂದ ಇಳಿಯುತ್ತಿತ್ತು.

ಹೆಗಲ ಮೇಲಿಂದಲೇ ಅವನು ಭಾಷಣ ಮಾಡಿದ. "ಜಾಕೆಟ್ಟು, ಕ್ಯಾಪು, ಇದೆಲ್ಲಾ ತೋರಿಕೆ ಸರ್. ಮನಸ್ಸು ಗಟ್ಟಿ ಇರ್ಬೇಕು. ಮನಸ್ಸು ಗಟ್ಟಿ ಇದ್ದವರು ಬರೇ ಅಂಗಿ ಮ್ಯಾಲೂ ಲಡಾಖ್ ದಾಟತಾರ. ಅಂಥವರಿಗೇ ಸೀಟು ಹೋಗ್ಬೇಕು."

"ಸರಿಯಾಗಿ ಹೇಳಿದ್ರಿ," ಎಂದರು ಸುಗತ.

ಗುಂಪು ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಂತ ಮೇಲೆ ಶೀಬಾ ಅತ್ತಿತ್ತ ನೋಡಿ, "ಮೇಡಂ ಎಲ್ಲಿ?" ಎಂದಳು.

ಎಲ್ಲರೂ ಬಾಗಿಲಿನತ್ತ ತಿರುಗಿದರು. ಒಳಗೆ ಜಯದೇವಿ ಕುರ್ಚಿಗೊರಗಿ, ಕಾಲು ನೀಡಿ, ಕಣ್ಣು ಮುಚ್ಚಿ ಕೂತಿದ್ದಳು. ಸೆರಗು ಕೂಡ ಹೊದ್ದಿರಲಿಲ್ಲ.

ಮಂಜೂರ್ ಭಾಯ್ ಗಾಬರಿಯಾದರು. "ಭಾಬೀ, ಟೈಮ್ ಆಯ್ತು. ಹೊರಗೆ ಬನ್ನಿ."

"ಬಾಗಿಲಾ ಹಾಕ್ರಿ ಅಣ್ಣಾರ," ಎಂದಳು ಜಯದೇವಿ ಕಣ್ಣು ತೆರೆಯದೆ. "ಸೆಕಿ ಒಳಗ ಬರ್ಲಿಕತ್ತದ."

ಬಾಗಿಲು ಹಾಕಿದರು. ಚಹಾ ಬಂತು, ಕುಡಿದದ್ದಾಯಿತು. ಹಮಾಲರು ಬೇಸತ್ತು ಸಿದ್ಧಲಿಂಗೇಶನನ್ನು ಕೆಳಗಿಳಿಸಿದರು. ರಾಮಾಂಜಿನಪ್ಪ ಗಾಜಿಗೆ ಮುಖ ಒತ್ತಿ, "ಸರ್, ಗೊರಕೆ," ಎಂದ, ಮಸೀದಿಯ ಮುಂದೆ ಮಾತಾಡುವಷ್ಟು ಮೆಲ್ಲಗೆ.

ಜಯದೇವಿ ತನಗೆ ಸಾಕೆನಿಸಿದಾಗ ಎದ್ದು, ಗುಬುಟು ಒತ್ತಿಕೊಂಡು ತಾನೇ ಹೊರಗೆ ಬಂದಳು. ಮುಖ ತೊಳೆದಿಟ್ಟ ಹಾಗಿತ್ತು. "ಮದುವಿ ಆದಾಗಿಂದ ಇಷ್ಟು ಹೊತ್ತು ಯಾರೂ ನನ್ನ ಚಹಾ ಕೇಳದ ಇದ್ದಿಲ್ಲ ನೋಡ್ರಿ," ಎಂದಳು ಶೀಬಾಗೆ. ಆಮೇಲೆ ಸುಗತರತ್ತ ತಿರುಗಿ, "ಆ ಊರಾಗ ಇಷ್ಟೇ ಥಂಡಿ ಏನ್ರಿ ಸರ್?"

"ಇದಕ್ಕಿಂತ ಜಾಸ್ತಿ ಮೇಡಂ. ಮೈಲಿಗಟ್ಲೆ ಒಂದು ಮನುಷ್ಯ ಪ್ರಾಣಿ ಸಿಗಲ್ಲ. ಫೋನಿಗೂ ಸಿಗ್ನಲ್ ಇರಲ್ಲ."

"ಭಾಳ ಛಲೋ ಆತು," ಎಂದಳು ಜಯದೇವಿ.

ಸುಗತ, ರಾಮಾಂಜಿನಪ್ಪ, ಶೀಬಾ ಮೂವರೂ ಚಹಾದಂಗಡಿಯ ಮರೆಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿಕೊಂಡರು. ಸಿದ್ಧಲಿಂಗೇಶ ಹಾರ ಹಾಕಿಕೊಂಡೇ ಕಾಯುತ್ತಿದ್ದ.

ಸೀಟು ಜಯದೇವಿಗೆ ಹೋಯಿತು.