ಗುಟ್ಟಿನ ಮೇಡಮ್ಮೋರ ಹಠ

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ವಾರಕ್ಕೊಂದಾದರೂ ಆಗದಿದ್ದರೆ ಈಗ ನನಗೇ ಕಸಿವಿಸಿ. ಜನರ ಖಾಸಗಿ ವಿವರಗಳು ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಸಿಂಧನೂರಿನ ಮನೆಯಲ್ಲೇ ಕೂತು ಕಂಪನಿಗಳಿಗೆ ಸಲಹೆ ಕೊಡುತ್ತೇನೆ, ಉಳಿದ ಹೊತ್ತಿನಲ್ಲಿ ಅದೇ ವಿಷಯದ ಮೇಲೆ ಪುಸ್ತಕ ಬರೆಯುತ್ತೇನೆ. ಓಣಿಯವರಿಗೆ ಇದನ್ನು ವಿವರಿಸಿ ವಿವರಿಸಿ ಸಾಕಾಗಿ, ಅವರೇ ಇಟ್ಟ ಹೆಸರನ್ನು ಒಪ್ಪಿಕೊಂಡಿದ್ದೇನೆ: ಗುಟ್ಟಿನ ಮೇಡಮ್ಮೋರು.

ಈಚೆಗೆ ನನ್ನದು ಒಂದೇ ಹಠ. ನನ್ನ ಅವ್ವ ಮಸ್ಕಿಯಲ್ಲಿ ಬಳೆ ಅಂಗಡಿ ಇಟ್ಟಿದ್ದಾಳೆ. ಹೋದ ವರ್ಷ ಯಾರೋ ಬ್ಯಾಂಕಿನವನೆಂದು ಫೋನ್ ಮಾಡಿ ಒಟಿಪಿ ಕೇಳಿದ. ಅವ್ವ 'ತಡೀಯಪ್ಪಾ, ಚಾಳೀಸ್ ಹಾಕ್ಕೊಂತೀನಿ' ಎಂದು ಕನ್ನಡಕ ಏರಿಸಿ ಓದತೊಡಗಿದಳು. ನಾಲ್ಕನೇ ಅಂಕಿಗೆ, ಅವತ್ತು ಅಂಗಡಿಯಲ್ಲೇ ಇದ್ದ ನಾನು ಫೋನ್ ಕಿತ್ತುಕೊಂಡೆ. 'ಪಾಪ, ಅಷ್ಟು ಮರ್ಯಾದಿಲೆ ಕೇಳಾಕತ್ತಿದ್ದ' ಎಂದು ನನ್ನ ಮೇಲೇ ಸಿಟ್ಟಾದಳು. ಅವತ್ತೇ ನಿಶ್ಚಯಿಸಿದೆ. ಊರನ್ನು ತಿದ್ದಲಾಗದಿದ್ದರೂ ಸರಿ, ಅವ್ವನ ಬಾಯಿಂದ 'ಹೇಳಂಗಿಲ್ಲ' ಎಂಬ ಒಂದು ಮಾತು ಹೊರಡಿಸಿಯೇ ತೀರಬೇಕು.

ಮಿರ್ಚಿಯ ಅಳತೆ

ಸಿಂಧನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ ತಿನ್ನುತ್ತಿದ್ದೆ. ಕೊನೆಯ ಮಿರ್ಚಿ ಎತ್ತಿದರೆ ಅದರ ಕೆಳಗಿನ ಕಾಗದದಿಂದ ದಪ್ಪ ಮೀಸೆಯ ಯಜಮಾನರೊಬ್ಬರು ನನ್ನನ್ನೇ ನೋಡುತ್ತಿದ್ದರು. ಯಾರದೋ ಆಧಾರ್ ಕಾರ್ಡಿನ ಝೆರಾಕ್ಸ್. ಹೆಸರು, ವಿಳಾಸ, ನಂಬರ್, ಯಾವುದಕ್ಕೂ ಎಣ್ಣೆ ಅಡ್ಡ ಬಂದಿರಲಿಲ್ಲ.

'ಇದೆಲ್ಲಿಂದ ಬಂತು?' ಎಂದು ಮಿರ್ಚಿಯವನನ್ನು ಕೇಳಿದೆ.

'ಬಾಜೂಕ ಝೆರಾಕ್ಸ್ ಅಂಗಡಿ ಐತಲ್ರೀ ಅಕ್ಕಾರ, ಕೆಟ್ಟ ಕಾಪಿ ಫುಕಟ್ ಕೊಡ್ತಾರ.'

ಸೀದಾ ಝೆರಾಕ್ಸ್ ಅಂಗಡಿಗೆ ಹೋಗಿ ಅರ್ಧ ಗಂಟೆ ಉಪದೇಶ ಮಾಡಿದೆ. ಅಂಗಡಿಯವರು ಒಳ್ಳೆಯ ಮನುಷ್ಯರು. 'ನಮಗ ತಿಳೀಲಿಲ್ರೀ ಮೇಡಂ. ಇನ್ಮ್ಯಾಲ ಹರದೇ ಒಗಿತೀವಿ' ಎಂದು ಮಾತು ಕೊಟ್ಟರು. ಒಂದು ವಾರ ಬಿಟ್ಟು ಪರೀಕ್ಷೆ ಮಾಡಲು ಹೋದೆ. ಮಿರ್ಚಿಯವನು ನನ್ನನ್ನು ಕಂಡವನೇ ಕೈ ಮುಗಿದ.

'ನಿಮ್ಮಿಂದ ಭಾಳ ಉಪಕಾರ ಆತ್ರೀ ಅಕ್ಕಾರ. ಮೊದಲ ನಾನು ಕುಂತು ಹರೀಬೇಕಾಗಿತ್ತು. ಈಗ ಅವರೇ ನಡುವಿಗೆ ಹರದು ಕೊಡ್ತಾರ. ಒಂದು ಪ್ಲೇಟಿಗೆ ಬರೋಬರಿ ಅಳತಿ!'

ನನ್ನ ಪಾಲಿಗೆ ಬಂದ ಅರ್ಧದಲ್ಲಿ ಮುಖ ಇರಲಿಲ್ಲ. ನಂಬರ್ ಪೂರ್ತಿ ಇತ್ತು.

ಇಡೀ ಬಸ್ಸಿನ ಸಾಕ್ಷಿ

ಅವ್ವನಿಗೆ ಪಾಠ ಹೇಳಲು ಮಸ್ಕಿಗೆ ಬಸ್ಸಿನಲ್ಲಿ ಹೊರಟಿದ್ದೆ. ಮುಂದಿನ ಸೀಟಿನ ಯಜಮಾನರ ಮನೆಗೆ ಗ್ಯಾಸ್ ಸಿಲಿಂಡರ್ ಬಂದಿತ್ತು. ತಂದವನು ಫೋನಿನಲ್ಲಿ ಒಟಿಪಿ ಕೇಳುತ್ತಿದ್ದ.

'ಬರ್ಕೋರೆಪಾ, ಮೂರು... ಎಂಟು... ಸೊನ್ನಿ... ಒಂದು!'

ಬಸ್ಸಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಯಜಮಾನರು ಮೂರು ಸಲ ಕೂಗಿದರು. ನಾಲ್ಕನೇ ಸಲಕ್ಕೆ ಹಿಂದಿನ ಸೀಟಿನ ಅಜ್ಜಿಯೂ ದನಿ ಸೇರಿಸಿದಳು. ನನಗೆ ತಡೆಯಲಾಗಲಿಲ್ಲ.

'ಯಜಮಾನ್ರ, ಒಟಿಪಿ ಹಿಂಗ ಎಲ್ಲಾರ ಮುಂದ ಒದರಬಾರದ್ರೀ.'

ಅವರು ನಿಜಕ್ಕೂ ಗಾಬರಿಯಾದರು. ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡು, ಫೋನನ್ನು ಅದರೊಳಗೆ ಸೇರಿಸಿ, ಪಿಸುಮಾತಿನಲ್ಲಿ ಹೇಳಿದರು. ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಪಕ್ಕದಲ್ಲೇ ಟಿಕೆಟ್ ಕೊಡುತ್ತಿದ್ದ ಕಂಡಕ್ಟರು ಬಾಗಿ ಟವೆಲ್ ಎತ್ತಿದರು.

'ತಪ್ಪು ಹೇಳಾಕತ್ತೀರಿ ಯಜಮಾನ್ರ. ಕಡೀದು ಏಳಲ್ಲ, ಒಂದು!'

'ಹೌದೌದು, ಒಂದು' ಎಂದಿತು ಇಡೀ ಬಸ್ಸು.

ಭದ್ರವಾದ ಜಾಗ

ಹಟ್ಟಿಯ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನನ್ನ ಪುಸ್ತಕ ಕೊಂಡಿದ್ದರು. ಸಿಕ್ಕಾಗ 'ನಿಮ್ಮ ಪುಸ್ತಕದಿಂದ ಭಾಳ ಅನುಕೂಲ ಆಗೇತ್ರೀ' ಎಂದು ಮನೆಗೇ ಕರೆದೊಯ್ದರು. ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ಅವರು ಟೀವಿಯ ಮೇಲಿನಿಂದ ಪುಸ್ತಕ ತೆಗೆದು ಕೊನೆಯ ಖಾಲಿ ಪುಟ ಬಿಡಿಸಿದರು. ಎಟಿಎಂ ಪಿನ್, ಮೇಲ್ ಪಾಸ್‌ವರ್ಡ್, ಸೊಸೆಯ ಫೋನಿನ ಲಾಕ್, ಎಲ್ಲವೂ ದುಂಡು ಅಕ್ಷರದಲ್ಲಿ ಸಾಲಾಗಿ ಇದ್ದವು.

'ಅಣ್ಣಾರ, ಇದೇನ್ರೀ?' ಎಂದೆ.

'ಡೈರಿದಾಗ ಬರದ್ರ ಮನಿ ಮಂದಿ ಎಲ್ಲಾರೂ ತೆಗದು ನೋಡ್ತಾರ್ರೀ. ಇದನ್ನ ಮೂರು ತಿಂಗಳಿಂದ ಕಣ್ಣಿಗೆ ಕಾಣೂಹಂಗ ಇಟ್ಟೀನಿ. ಒಬ್ರರ ಮುಟ್ಯಾರೇನು!'

ವೃತ್ತಿಯವಳಾಗಿ ಯೋಚಿಸಿದೆ. ಅವರ ವ್ಯವಸ್ಥೆಯಲ್ಲಿ ಒಂದು ದೋಷವೂ ಸಿಗಲಿಲ್ಲ. ಪುಸ್ತಕಕ್ಕೆ ರುಜು ಹಾಕಿ ಬಂದೆ.

ಹೇಳಂಗಿಲ್ಲ

ಇಷ್ಟಾದರೂ ಅವ್ವನನ್ನು ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಮಸ್ಕಿಗೆ ಹೋಗಿ ಅಂಗಡಿಯಲ್ಲಿ ಕೂತು ನನ್ನ ಪುಸ್ತಕವನ್ನು ಓದಿ ಹೇಳುತ್ತಿದ್ದೆ. ಅವಳು ಗಿರಾಕಿಗಳ ಕೈ ಹಿಡಿದು ಬಳೆ ಏರಿಸುತ್ತಾ 'ಹೂಂ, ಹೂಂ' ಎನ್ನುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದವರು ಗಿರಾಕಿಗಳೇ ಎಂದು ನನ್ನ ಅನುಮಾನ.

ಮೊನ್ನೆ ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ನನ್ನ ಭಾಷಣವಿತ್ತು. ದಾರಿಯಲ್ಲಿ ಮಸ್ಕಿಯಲ್ಲಿಳಿದು ಅವ್ವನ ಅಂಗಡಿಯಲ್ಲಿ ಉಪ್ಪಿಟ್ಟು ತಿಂದೆ, ಚಾರ್ಜಿಗೆ ಹಾಕಿದ ಫೋನ್ ಅಲ್ಲೇ ಮರೆತು ಬಸ್ ಹತ್ತಿದೆ. ಕಾಲೇಜಿನ ಕಂಪ್ಯೂಟರಿನಲ್ಲಿ ನನ್ನ ಸ್ಲೈಡುಗಳನ್ನು ತೆರೆಯಹೋದರೆ ಅದು ಒಟಿಪಿ ಕೇಳಿತು. ಒಟಿಪಿ ಹೋಗಿದ್ದು ಮಸ್ಕಿಯಲ್ಲಿದ್ದ ನನ್ನ ಫೋನಿಗೆ. ಲಾಕ್ ಆಗಿದ್ದರೂ ಮೆಸೇಜು ಮೇಲೆ ಕಾಣುವಂತೆ ಬಿಟ್ಟಿದ್ದೆ. ಹಾಗೆ ಬಿಡಬಾರದೆಂದು ಮೂರನೇ ಅಧ್ಯಾಯದಲ್ಲಿ ಬರೆದವಳು ನಾನೇ.

ಅವ್ವನ ಫೋನಿಗೆ ಕರೆ ಮಾಡಲು ಪ್ರಿನ್ಸಿಪಾಲರು ತಮ್ಮ ಫೋನ್ ಕೊಟ್ಟರು. ಅದು ಸ್ಪೀಕರ್ ಹಾಕಿದರೆ ಮಾತ್ರ ಕೇಳಿಸುತ್ತಿತ್ತು. ನಿಂತಿದ್ದು ವೇದಿಕೆಯ ಮೇಲೆ, ಮುಂದೆ ಮೈಕು.

'ಅವ್ವಾ, ನಾನು. ನನ್ನ ಫೋನಿಗೆ ಒಂದು ಒಟಿಪಿ ಬಂದೈತಿ, ಹೇಳು.'

'ಯಾರ್ರೀ ನೀವು?'

'ನಿನ್ನ ಮಗಳು ಬೇ!'

'ನನ್ನ ಮಗಳ ಫೋನ್ ನನ್ನ ಕೈಯಾಗ ಐತಿ. ಹೇಳಂಗಿಲ್ಲ.'

ನಾನು ಒಂದು ವರ್ಷದಿಂದ ಕಾದಿದ್ದ ಮಾತು ಅದೇ. ಆದರೆ ಸ್ಲೈಡು ಬೇಕಿತ್ತಲ್ಲ!

'ಧ್ವನಿ ಗುರ್ತು ಸಿಗವಲ್ದೇನವ್ವಾ?'

'ಕಳ್ಳರು ಮಂದಿ ಧ್ವನಿನೂ ನಕಲು ಮಾಡ್ತಾರಂತ ಪುಸ್ತಕದಾಗ ಬರದಾಳ ನನ್ನ ಮಗಳು. ನೀ ಆಕೀನೇ ಆಗಿದ್ರ, ಯಾರಿಗೂ ಗೊತ್ತಿಲ್ಲದ್ದು ಒಂದು ಹೇಳು ನೋಡೋಣ.'

ಮುಂದೆ ನೂರಾರು ವಿದ್ಯಾರ್ಥಿಗಳು, ಪಕ್ಕದಲ್ಲಿ ಪ್ರಿನ್ಸಿಪಾಲರು. ಕಣ್ಣು ಮುಚ್ಚಿಕೊಂಡು ಹೇಳಿಯೇ ಬಿಟ್ಟೆ.

'ಐದನೇ ಕ್ಲಾಸಿನ ಮಟ ನಾ ಹಾಸಿಗ್ಯಾಗ ಉಚ್ಚಿ ಹೊಯ್ತಿದ್ದೆ.'

'ಅದು ಇಡೀ ಓಣಿಗೇ ಗೊತ್ತೈತಿ. ಇಡು ಫೋನ್!'

ಇಟ್ಟೇಬಿಟ್ಟಳು. ನಗು ಅಡಗಲು ಐದು ನಿಮಿಷ ಬೇಕಾಯಿತು. ಆಮೇಲೆ ಸ್ಲೈಡಿಲ್ಲದೆ ಒಂದು ಗಂಟೆ ಮಾತಾಡಿದೆ, ಒಬ್ಬರೂ ತೂಕಡಿಸಲಿಲ್ಲ.

ಸಂಜೆ ಮಸ್ಕಿಯಲ್ಲಿ ಇಳಿದೆ. ಅವ್ವನನ್ನು ಅಪ್ಪಿಕೊಳ್ಳಬೇಕೆಂದು ಓಡೋಡಿ ಹೋದರೆ ಅಂಗಡಿ ತುಂಬ ಹೆಂಗಸರು. ನಡುವೆ ಅವ್ವ ನನ್ನ ಫೋನ್ ಮೇಲೆತ್ತಿ ಹಿಡಿದು, ಚಾಳೀಸ್ ಸರಿ ಮಾಡಿಕೊಂಡು, ಎಲ್ಲರಿಗೂ ಹೇಳುತ್ತಿದ್ದಳು.

'ಇಲ್ಲಿ ನೋಡ್ರೀ ಬೇಕಾರ. ನಾಲ್ಕು, ಎರಡು, ಏಳು, ಏಳು, ಸೊನ್ನಿ, ಐದು. ಇಷ್ಟು ಹೇಳು ಅಂತ ಆ ಕಳ್ಳಿ ಎಷ್ಟು ಬೇಡಿದ್ಲು! ಆಕಿ ಮುಂದ ನಾ ಬಾಯಿ ಬಿಟ್ಟೆನೇನು?'

ನಾನು ಚೀಲದಿಂದ ಪುಸ್ತಕ ತೆಗೆದು ಕಟ್ಟೆಯ ಮೇಲೆ ಕೂತೆ. ಮೊದಲನೇ ಪುಟದಿಂದ ಮತ್ತೆ ಓದಲು ಶುರು ಮಾಡಿದೆ.