ಪಡುವಣಕ್ಕೆ ತಿರುಗಿದ ಆಂಟೆನಾ

ನನ್ನ ಅಕ್ಕನ ಗಂಡನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಗೊತ್ತಿದ್ದುದರಲ್ಲಿ ನಿಜವೆಷ್ಟು ಎಂದು ಮಾತ್ರ ಕೇಳಬೇಡಿ!

ಆಗಿನ್ನೂ ಕೇಬಲ್ ಬಂದಿರಲಿಲ್ಲ. ಹೈದರಾಬಾದಿನ ತಾರ್ನಾಕದ ಅವರ ಓಣಿಯಲ್ಲಿ ಎಲ್ಲ ಮಾಳಿಗೆಗಳ ಆಂಟೆನಾಗಳೂ ಊರಿನ ಟವರಿನತ್ತ ವಿಧೇಯವಾಗಿ ನೋಡುತ್ತಿದ್ದವು. ಭಾವನದು ಮಾತ್ರ ಮುನಿಸಿಕೊಂಡ ಬೀಗರಂತೆ ಮುಖ ತಿರುಗಿಸಿ, ಪಡುವಣಕ್ಕೆ, ಕಲಬುರಗಿಯ ಕಡೆಗೆ ನಿಂತಿತ್ತು. ಊರಿನಿಂದ ಕರೆತಂದಿದ್ದ ತಾಯಿಗೆ ತೆಲುಗು ಬಾರದು, ಕಣ್ಣೂ ಮಂಜು. "ಅವ್ವಗ ಟೀವ್ಯಾಗ ಕನ್ನಡ ಕೇಳಿಸಬೇಕು" ಎಂಬುದು ಅವರ ಹಟ. ಅಷ್ಟು ದೂರದ ಟವರು ಸಿಗುವುದಿಲ್ಲವೆಂದು ಟೀವಿ ಮಾರಿದವನೇ ಹೇಳಿದ್ದ. ಅವನಿಗೇನು ಗೊತ್ತು, ಅವನು ಬರೀ ಅಂಗಡಿಯವನು!

ಬೇಗಂ ಬಜಾರಿನಿಂದ ಹಿಟ್ಟು ನಾದುವ ಅಗಲದ ಅಲ್ಯೂಮಿನಿಯಂ ಪರಾತ ತಂದು ಕಂಬಕ್ಕೆ ಕಟ್ಟಿದರು. ಸಿಗ್ನಲ್ ಬರಲಿಲ್ಲ, ಕಾಗೆಗಳು ಬಂದವು. ಹಿಟ್ಟಿನ ಜರಡಿಯನ್ನೂ ಏರಿಸಿದರು. ಅಕ್ಕ ಅದು ಇಳಿಯುವವರೆಗೂ ಹೊಟ್ಟಿನ ಸಮೇತ ರೊಟ್ಟಿ ಬಡಿದಳು.

"ಏಂ ಸಾರ್, ಲಂಡನ್ ಒಸ್ತುಂದಾ?" ಎಂದು, ಲಂಡನ್ನೂ ಬರುತ್ತದೆಯೇ ಎಂದು ಪಕ್ಕದ ಮಾಳಿಗೆಯವರು ತೆಲುಗಿನಲ್ಲಿ ಕೆಣಕಿದರೆ, ಭಾವ ಗಂಭೀರವಾಗಿ, "ಆಗಂಡಿ, ಒಸ್ತುಂದಿ", ತಡೀರಿ, ಬರುತ್ತದೆ, ಎನ್ನುತ್ತಿದ್ದರು.

ಪ್ರತಿ ಭಾನುವಾರ ಈ ಪೂಜೆ. ಭಾವನ ದನಿ ಓಣಿಗೆಲ್ಲ ಕೇಳುತ್ತಿತ್ತು. ಅವರ ತಾಯಿಯ ಸಣ್ಣ ದನಿಯನ್ನು ಮೇಲಕ್ಕೆ ಸಾಗಿಸಲು ಮೆಟ್ಟಿಲ ಮೇಲೆ ನಾನು.

"ಅವ್ವಾ, ಈಗ ಕನ್ನಡ ಕೇಳಾಕತ್ತೈತೇನು?"

"ಕೇಳಾಕತ್ತೈತಿ ಅನ್ನೋ ತಮ್ಮ. ಭಾಳ ಛಂದ ಐತಿ ಅನ್ನು."

ಭಾವ ನಟ್ಟು ಬಿಗಿದು, ಕೋಟೆ ಗೆದ್ದವರಂತೆ ಇಳಿದು ಬಂದು ನೋಡಿದರೆ ಪರದೆಯ ತುಂಬ ಉಪ್ಪು ಚೆಲ್ಲಿದಂತೆ ಚುಕ್ಕೆ, ಕಿವಿಗೆ ಒಗ್ಗರಣೆಯ ಸದ್ದು. ಮತ್ತೆ ಮಾಳಿಗೆ. ಮಗನಿಗೆ ತಲೆಯಿಲ್ಲ, ತಾಯಿಗೆ ಕಿವಿಯಿಲ್ಲ ಎಂದು ನಾನು ನೆಂಟರ ಮದುವೆಗಳಲ್ಲೆಲ್ಲ ಆಡಿಕೊಂಡು ನಕ್ಕಿದ್ದೇನೆ. ಅದೇ ಬಾಯಿಂದ ಉಳಿದದ್ದನ್ನೂ ಹೇಳಬೇಕಲ್ಲ.

ಒಂದು ಭಾನುವಾರ ತಡೆಯಲಾರದೆ ಕೆಳಗಿಳಿದು ಕೇಳಿಯೇಬಿಟ್ಟೆ. "ಅತ್ತಿ, ಯಾಕ್ರಿ ಸುಳ್ಳು ಹೇಳ್ತೀರಿ? ಟೀವಿ ಬರೀ ಚೊಂಯ್ ಅನ್ನಾಕತ್ತೈತಿ."

"ಟೀವಿ ಯಾರಿಗೆ ಬೇಕೋ ತಮ್ಮ" ಎಂದರು ಮುದುಕಿ. "ಆಫೀಸಿನಾಗ ಉರ್ದು, ಮಕ್ಕಳ ಕೂಡ ತೆಲುಗು. ನನ್ನ ಮುಂದ ಬಂದ್ರ 'ಉಂಡ್ಯಾ' ಅಂತಾನ, ಪೇಪರ್ ಹಿಡೀತಾನ. ಮ್ಯಾಲ ಹತ್ತಿದಾಗಷ್ಟ ನೋಡು, ಅವ್ವಾ, ಅವ್ವಾ ಅಂತ ಬಾಯಿ ತುಂಬ ಮಾತಾಡ್ತಾನ."

ಅಷ್ಟರಲ್ಲಿ ಮಾಳಿಗೆಯಿಂದ ಕೂಗು. "ಏನಂತಾಳೋ ಅವ್ವ? ನಟ್ ಬಿಗೀಲೇನು?"

ನಾನು ಮೆಟ್ಟಿಲಿಗೆ ಹೋಗಿ ಗಂಟಲು ಸರಿಮಾಡಿಕೊಂಡೆ.

"ಬ್ಯಾಡ್ರಿ ಭಾವ. ಇನ್ನೂ ಸ್ವಲ್ಪ ತಿರುವ್ರಿ."