ಎರಡನೇ ಹಂತಕ್ಕಾಗಿ ತಡೆದುಕೊಂಡಿರುವ ಹೆಂಗಸರಿಂದ

ಹನಿಗೊಬ್ಬರ ನಗರ ಕೃಷಿ ಸಂಸ್ಥೆಯ ಮುಖ್ಯಸ್ಥರಾದ ಶ್ರೀ ಸುಜಯ ಅವರ ಸನ್ನಿಧಾನಕ್ಕೆ, ಮುದ್ದೇಬಿಹಾಳದ ಕಾಯಿಪಲ್ಲೆ ಮಾರುಕಟ್ಟೆಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿರುವ ವಿದ್ಯಾವತಿಯ ಸಾವಿರದ ಶರಣು.

ಮಾನ್ಯರೇ,

ನಮ್ಮ ಮಾರುಕಟ್ಟೆಯಲ್ಲಿ ಗಂಡಸರಿಗೊಂದು ಮೂತ್ರಾಲಯ ಕಟ್ಟಿಸಿ, ಅವರ ಮೂತ್ರವನ್ನು ಹಳದಿ ಟಾಕಿಯಲ್ಲಿ ಕೂಡಿಟ್ಟು, ಗೊಬ್ಬರ ಮಾಡಿ, ತಮ್ಮ ಕಚೇರಿಯ ಮಾಳಿಗೆಯ ಮೇಲೆ ಮೆಂತ್ಯ, ಪಾಲಕ ಬೆಳೆಯುತ್ತಿರುವ ತಮ್ಮ ಸಾಧನೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಇಷ್ಟು ವರ್ಷ ಗೋಡೆಗೆ ಮುಖ ಮಾಡಿ ನಿಂತು ಮಾರುಕಟ್ಟೆಯನ್ನೇ ನಾರಿಸುತ್ತಿದ್ದ ಮಹನೀಯರು ಈಗ ತಮ್ಮ ಮೂತ್ರಾಲಯದಿಂದ ದೇಶಸೇವೆ ಮುಗಿಸಿದವರ ಗತ್ತಿನಲ್ಲಿ ಎದೆಯುಬ್ಬಿಸಿ ಹೊರಬರುತ್ತಾರೆ.

ಉದ್ಘಾಟನೆಯ ದಿನ ತಾವು ಹೆಂಗಸರನ್ನೂ ಮರೆಯಲಿಲ್ಲ, ಪೂರ್ಣಕುಂಭ ಹೊರಲು ನಮ್ಮನ್ನೇ ಕರೆಸಿದಿರಿ. ಒಂದೊಂದು ಹನಿಯೂ ಬಂಗಾರ ಎಂದು ತಾವು ಭಾಷಣ ಮಾಡುತ್ತಿದ್ದಷ್ಟು ಹೊತ್ತೂ ನಾವು ತಲೆಯ ಮೇಲೊಂದು ತುಂಬಿದ ಕೊಡ, ಹೊಟ್ಟೆಯೊಳಗೊಂದು ತುಂಬಿದ ಕೊಡ ಹೊತ್ತು, ಕಾಲಿಗೆ ಕಾಲು ಹೆಣೆದು ನಿಂತಿದ್ದೆವು. ಕೊನೆಗೆ ನಮ್ಮ ಬಾಗಿಲು ಎಲ್ಲಿ ಎಂದು ಕೇಳಿದರೆ, ಹೆಂಗಸರದು ಎರಡನೇ ಹಂತದಲ್ಲಿ ಎಂದು ನಗುನಗುತ್ತ ತಿಳಿಸಿದಿರಿ. ಎರಡು ಮಳೆಗಾಲ ಕಳೆದವು. ನಮಗೆ ಇಲ್ಲಿ ಒಂದು ಮರೆಯೂ ಇಲ್ಲವೆಂಬುದು ತಮ್ಮ ಘನ ಗಮನಕ್ಕೆ ಇನ್ನೂ ಬಂದಿರಲಾರದು.

ತಮ್ಮ ಸೊಪ್ಪನ್ನು ಮಾರುವ ಇಮಾಮಬಿ ತಾಳಿಕೋಟೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಆ ಟಾಕಿಯ ಪಕ್ಕದಲ್ಲೇ ಕೂರುತ್ತಾಳೆ. ಬಾಡಬಾರದೆಂದು ಸೊಪ್ಪಿಗೆ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಾಳೆ, ತಾನು ಮಾತ್ರ ಒಂದು ಗುಟುಕೂ ಕುಡಿಯುವುದಿಲ್ಲ. ಹೋದ ತಿಂಗಳು ಉರಿಮೂತ್ರ, ಚಳಿಜ್ವರ ಬಂದು ದವಾಖಾನೆ ಸೇರಿದ್ದಳು. ಹೀಗೇ ತಡೆದುಕೊಂಡರೆ ಕಿಡ್ನಿ ಕೈಕೊಡುತ್ತದೆ ಎಂದು ಡಾಕ್ಟರು ಗದರಿಸಿದ್ದಾರೆ. ನೀರು ಕುಡಿಯೇ ಎಂದು ನಾನೂ ಬೈದೆ. "ಕುಡದ್ರ ಎಲ್ಲಿಗಿ ಹೋಗ್ಲಿರಿ ಅಕ್ಕಾರ? ಸಂಜಿಕ್ ಮನಿ ಮುಟ್ಟೂತನಕ ತಡೀಬೇಕಲ್ರಿ" ಎಂದಳು.

ಆದ್ದರಿಂದ ಸವಿನಯ ಬಿನ್ನಹವೇನೆಂದರೆ, ಎರಡನೇ ಹಂತ ಬರುವವರೆಗೆ ಸುಮ್ಮನಿರಬೇಕೆಂದು ನಮ್ಮ ಮೂತ್ರಕೋಶಗಳಿಗೆ ತಮ್ಮ ಸಹಿ, ಮೊಹರು ಸಹಿತ ಒಂದು ನೋಟಿಸು ಜಾರಿ ಮಾಡಬೇಕು. ನಾವು ಹೇಳಿದರೆ ಅವು ಕೇಳುತ್ತಿಲ್ಲ. ಇಲ್ಲವೇ, ಇಷ್ಟೊಂದು ಬಂಗಾರವನ್ನು ಬೆಳಗಿನಿಂದ ಸಂಜೆಯವರೆಗೆ ಅಕ್ರಮವಾಗಿ ದಾಸ್ತಾನು ಮಾಡಿದ್ದಕ್ಕೆ ನಮ್ಮ ಮೇಲೆ ಕೇಸು ಹಾಕಿಸಬೇಕು. ಠಾಣೆಯಲ್ಲಾದರೂ ಹೆಂಗಸರಿಗೊಂದು ಪಾಯಿಖಾನೆ ಇದ್ದೀತು. ಇವೆರಡೂ ಆಗದಿದ್ದರೆ, ಸಂಕೋಚದಿಂದಲೇ ಕೇಳುತ್ತೇನೆ, ನಾಲ್ಕು ಗೋಡೆ ಮತ್ತು ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ ಕೊಡಿಸಬೇಕು.

ತಮ್ಮ ಶ್ರೇಯಸ್ಸನ್ನು ತಡೆದುಕೊಂಡೇ ಹಾರೈಸುವ,
ತಮ್ಮ ವಿಶ್ವಾಸಿ,
ವಿದ್ಯಾವತಿ

ವಿ.ಸೂ.: ಉತ್ತರ ಬರೆಯುವ ತೊಂದರೆ ತಮಗೆ ಬೇಡ. ತಮ್ಮ ಸಾಗಾಟದ ಖರ್ಚು ಉಳಿಯಲೆಂದು ಬರುವ ಸಂತೆಯ ದಿನ ಮಾರುಕಟ್ಟೆಯ ಹೆಂಗಸರೆಲ್ಲ ಸೀರೆಯ ಪರದೆ ಹಿಡಿದು ತಮ್ಮ ಮಾಳಿಗೆ ಹತ್ತಿ, ಗೊಬ್ಬರವನ್ನು ನೇರವಾಗಿ ಪಾತಿಗಳಿಗೇ ಹಾಕಲಿದ್ದೇವೆ. ಇಮಾಮಬಿ ಅಂದು ತಂಬಿಗೆ ತುಂಬ ನೀರು ಕುಡಿದೇ ಬಸ್ಸು ಹತ್ತುತ್ತಾಳೆ, ದಯವಿಟ್ಟು ಅವಳನ್ನು ಗೇಟಿನಲ್ಲಿ ಕಾಯಿಸಬೇಡಿ.